ಪರದೆಯಣ್ಣನ ಗುರುವಾರಗಳು

ಪರದೆಯಣ್ಣ ಓದಿದ್ದು ಹತ್ತನೇ ತರಗತಿ, ಅದನ್ನೂ ಎರಡನೇ ಸಲಕ್ಕೆ ದಾಟಿದ್ದು. ಹಾಗಿದ್ದೂ ಅವನ ಬೀದಿಯಲ್ಲಿ ಯಾರಿಗೆ ಕೆಮ್ಮು ಹತ್ತಿದರೂ, ಯಾರ ಮಂಡಿ ಹಿಡಿದುಕೊಂಡರೂ ಮೊದಲು ತಟ್ಟುತ್ತಿದ್ದದ್ದು ಅವನ ಮನೆ ಬಾಗಿಲನ್ನೇ. ಅದೂ ಗುರುವಾರ ಸಂಜೆ. "ಗುರುವಾರದ ಡಾಕ್ಟರು ಬಂದ್ರಾ?" ಎಂದು ಕೇಳಿಕೊಂಡು ಬರುವರು. ಅವನ ಹೆಂಡತಿ, "ಡಾಕ್ಟರು ಬಚ್ಚಲಲ್ಲಿ ಕಾಲು ತೊಳೀತಿದ್ದಾರೆ, ಕೂತ್ಕೊಳ್ಳಿ" ಎಂದು ಒಂಚೂರೂ ನಗದೆ ಹೇಳಿ ಒಳಗೆ ಹೋಗುತ್ತಿದ್ದಳು.

ವಿಷಯ ಇಷ್ಟೇ. ಊರಿನ ದೊಡ್ಡ ಆಸ್ಪತ್ರೆ, ಅಂದರೆ ಡಾಕ್ಟರಾಗುವವರಿಗೆ ಪಾಠವನ್ನೂ ಹೇಳಿಕೊಡುವ ಆಸ್ಪತ್ರೆ, ಅದರ ಮೂರನೇ ಮಹಡಿಯ ಸಭಾಂಗಣವನ್ನು ನೋಡಿಕೊಳ್ಳುವುದು ಅವನ ಕೆಲಸ. ನೂರಾ ಇಪ್ಪತ್ತು ಕುರ್ಚಿ, ಅದರಲ್ಲಿ ಒಂಬತ್ತಕ್ಕೆ ಕೈ ಇಲ್ಲ. ಒಂದು ಪ್ರೊಜೆಕ್ಟರು, ಒಂದು ಕಂಪ್ಯೂಟರು, ಎರಡು ಮೈಕು, ಮತ್ತು ಗೋಡೆಯ ತುಂಬ ಇಳಿಬೀಳುವ ಬಿಳಿ ಪರದೆ. ಆ ಪರದೆ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಎಡಕ್ಕೊಂದು ಜಗ್ಗು ಜಗ್ಗಿ, ಒಂದು ಗಳಿಗೆ ತಡೆದು, ಬಲಕ್ಕೊಂದು ಜಗ್ಗು ಜಗ್ಗಿದರೆ ಮಾತ್ರ ಇಳಿಯುತ್ತಿತ್ತು. ಈ ಪಟ್ಟು ಇಡೀ ಆಸ್ಪತ್ರೆಯಲ್ಲಿ ಅವನೊಬ್ಬನಿಗೇ ಗೊತ್ತಿದ್ದುದರಿಂದ ಪರದೆಯಣ್ಣ ಎಂಬ ಹೆಸರು ಬಿತ್ತು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವನು ತಿರುಗಿ ನೋಡುತ್ತಿರಲಿಲ್ಲ.

ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ಅಲ್ಲಿ ಹೊಸ ಸಂಶೋಧನೆಯ ಸಭೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಈಚೆಗೆ ನಡೆದ ಅಧ್ಯಯನವೊಂದನ್ನು ಕಿರಿಯ ಡಾಕ್ಟರೊಬ್ಬರು ಓದಿಕೊಂಡು ಬಂದು ಪರದೆಯ ಮೇಲೆ ತೋರಿಸಬೇಕು. ಮುಂದಿನ ಸಾಲಿನ ಹಿರಿಯರು ಅವರನ್ನು ಹಿಂಡಿ ಹಿಪ್ಪೆ ಮಾಡಬೇಕು. ಪರದೆಯಣ್ಣ ದೀಪ ಆರಿಸಿ, ಹಿಂಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೆ ಕೇಳಿದ. ಕೂತಿದ್ದ ಡಾಕ್ಟರುಗಳಲ್ಲಿ ಅರ್ಧಕ್ಕರ್ಧ ಜನ ಊಟದ ಮಂಪರಿನಲ್ಲಿ ತೂಕಡಿಸುತ್ತಿದ್ದರು. ಇವನು ಒಂದು ದಿನವೂ ತೂಕಡಿಸಲಿಲ್ಲ, ಅಷ್ಟು ಮಟ್ಟಿಗೆ ಅವನನ್ನು ಮೆಚ್ಚಲೇಬೇಕು.

ಆ ಸಭೆಗೊಂದು ಕ್ರಮವಿತ್ತು. ಮೊದಲು ಅಧ್ಯಯನದ ಹೆಸರು. ಆಮೇಲೆ ಯಾಕೆ ಮಾಡಿದರು, ಎಷ್ಟು ಜನರ ಮೇಲೆ ಮಾಡಿದರು. ಆಮೇಲೆ ಎರಡು ಗೆರೆಯ ಚಿತ್ರ: ಔಷಧಿ ತೆಗೆದುಕೊಂಡವರದೊಂದು ಗೆರೆ, ತೆಗೆದುಕೊಳ್ಳದವರದೊಂದು. ಎರಡೂ ಒಂದೇ ಕಡೆಯಿಂದ ಹೊರಟು ಹೋಗುತ್ತ ಹೋಗುತ್ತ ದೂರವಾದರೆ ಏನೋ ವ್ಯತ್ಯಾಸವಾಯಿತು ಎಂದರ್ಥ. ಅಂಟಿಕೊಂಡೇ ಹೋದರೆ ಔಷಧಿ ನುಂಗಿದ್ದು ದಂಡ. ಇಷ್ಟು ಪರದೆಯಣ್ಣನಿಗೆ ಮೊದಲ ವರ್ಷವೇ ತಿಳಿದುಹೋಗಿತ್ತು. ಆ ಚಿತ್ರ ಕಂಡ ಕೂಡಲೇ ಅವನು ಸ್ಟೂಲಿನಿಂದೇಳುತ್ತಿದ್ದ, ಯಾಕೆಂದರೆ ಕೆಳಗಿನ ಕ್ಯಾಂಟೀನಿನಿಂದ ಟೀ ತರಬೇಕಿತ್ತು. ಎರಡು ದೊಡ್ಡ ಫ್ಲಾಸ್ಕು, ಎಂಬತ್ತು ಕಾಗದದ ಲೋಟ, ಮತ್ತು ಪ್ರತಿ ಮಹಡಿಯಲ್ಲೂ ನಿಂತು ಯೋಚಿಸುವ ಲಿಫ್ಟು. ಒಟ್ಟು ಹನ್ನೆರಡು ನಿಮಿಷದ ಕೆಲಸ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರುವವರು ಹೃದಯ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲೂ ದೊಡ್ಡ ಡಾಕ್ಟರು. ದೀಪ ಹತ್ತಿದ ತಕ್ಷಣ ಅವರ ಕೈಗೆ ಬಿಸಿ ಲೋಟ ಬರಬೇಕು. ಮೊದಲ ವಾರವೇ ಹಾಗೆಂದು ಹೇಳಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿರಲಿಲ್ಲ, ಅದನ್ನು ನೆನೆದಾಗಲೆಲ್ಲ ಪರದೆಯಣ್ಣನ ಎದೆ ಉಬ್ಬುತ್ತಿತ್ತು.

ಸಭೆಯಲ್ಲಿ ಕೇಳಿದ್ದು ಸಂಜೆ ಆರಕ್ಕೆ ಮನೆಯಲ್ಲಿ ಜಾರಿಗೆ ಬರುತ್ತಿತ್ತು. ಮೊಟ್ಟೆಯ ಕಥೆಯನ್ನೇ ತೆಗೆದುಕೊಳ್ಳಿ. ಆ ಮನೆಯಿಂದ ಮೊಟ್ಟೆ ಮೂರು ಸಲ ಗಡಿಪಾರಾಗಿ ಮೂರು ಸಲ ವಾಪಸು ಬಂದಿತ್ತು. ಎರಡನೇ ಸಲಕ್ಕೇ ಹೆಂಡತಿ ಮೊಟ್ಟೆಯ ಬುಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡುವ ಬದಲು ಬೀರುವಿನ ಮೇಲೆ ಕವುಚಿಡುವುದನ್ನು ಕಲಿತಳು. ಅವಳು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಗಲ್ಲಾದಲ್ಲಿ ಕೂರುವವಳು. ದಿನಕ್ಕೆ ನೂರು ಜನರ ಕಲೆ ನೋಡಿ, "ಹೋಗುತ್ತೆ", "ಹೋಗಲ್ಲ" ಎಂದು ಎರಡೇ ಮಾತಿನಲ್ಲಿ ಹೇಳಿ ರೂಢಿಯಾಗಿ, ಗಂಡನ ಜೊತೆಗೂ ಹೆಚ್ಚು ಮಾತು ಖರ್ಚು ಮಾಡುತ್ತಿರಲಿಲ್ಲ.

ಬಹಳ ಹೊತ್ತು ಕೂರುವುದು ಒಳ್ಳೆಯದಲ್ಲ ಎಂಬ ಅಧ್ಯಯನ ಬಂದ ವಾರ ಮನೆಯ ನಾಲ್ಕೂ ಕುರ್ಚಿ ಅಟ್ಟ ಹತ್ತಿದವು. ಗಂಡ ಹೆಂಡಿರು ಐದು ವಾರ ನಿಂತೇ ಉಂಡರು. ಅದೇ ಮನೆಯಲ್ಲಿದ್ದ ಅವನ ಅಕ್ಕ ಮಾತ್ರ ತನ್ನ ಮಂಚದ ಮೇಲೆ ಕೂತು ಉಂಡಳು. "ಕುರ್ಚಿ ಬಗ್ಗೆ ತಾನೇ ಹೇಳಿದ್ದು? ಮಂಚದ ಬಗ್ಗೆ ಏನಾದ್ರೂ ಹೇಳಿದ್ರೆ ಎದ್ದು ನಿಲ್ತೀನಿ ಬಿಡು" ಎಂದಳು. ಇನ್ನೊಂದು ಸಲ, ದಿನಕ್ಕೆ ಸುಮಾರು ಏಳು ಸಾವಿರ ಹೆಜ್ಜೆ ನಡೆದರೆ ಸಾಕು, ಹತ್ತು ಸಾವಿರವೇ ಆಗಬೇಕೆಂದಿಲ್ಲ ಎಂಬ ಸುದ್ದಿ ಬಂತು. ಪರದೆಯಣ್ಣ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಸಿಕ್ಕಿಸಿಕೊಂಡ. ಒಂದು ಸಂಜೆ ಮನೆ ಇನ್ನೂ ಎರಡು ಬೀದಿ ದೂರವಿದ್ದಾಗಲೇ ಏಳು ಸಾವಿರ ಮುಗಿದುಹೋಯಿತು. ಅಲ್ಲೇ ಒಂದು ಅಂಗಡಿಯ ಜಗಲಿಯ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದ. ಅವಳು ಸ್ಕೂಟರು ತಂದಳು, ಹತ್ತಿಸಿಕೊಂಡಳು, ದಾರಿಯಲ್ಲಿ ನಿಲ್ಲಿಸಿ ಈರುಳ್ಳಿ ತಗೊಂಡಳು.

ನಗಬೇಡಿ, ಒಳ್ಳೆಯದೂ ಆಗಿತ್ತು. ರಕ್ತದೊತ್ತಡ ಅಳೆಯುವಾಗ ತೋಳನ್ನು ಜೋಲುಬಿಟ್ಟರೆ ಅಂಕಿ ಸುಳ್ಳೇ ಏರುತ್ತದೆ, ಮೇಜಿನ ಮೇಲೆ ಎದೆಯ ಮಟ್ಟಕ್ಕಿಡಬೇಕು ಎಂದು ಅವನು ಹೇಳಿದ್ದರಿಂದ ಎದುರುಮನೆಯ ಬಡಗಿ ಮತ್ತೆ ಅಳೆಸಿಕೊಂಡ. ಹೆಚ್ಚಿಸಬೇಕೆಂದಿದ್ದ ಮಾತ್ರೆಯನ್ನು ಅವನ ಡಾಕ್ಟರು ಹೆಚ್ಚಿಸಲಿಲ್ಲ. ಬಡಗಿ ಖುಷಿಯಾಗಿ ಸಭಾಂಗಣದ ಸ್ಟೂಲಿಗೆ ಒಂದು ಹೊಸ ಕಾಲು ಹಾಕಿಕೊಟ್ಟ. ಅಲ್ಲಿಂದ ಬೀದಿಯಲ್ಲಿ ಪರದೆಯಣ್ಣನ ಮಾತಿಗೆ ಎದುರಾಡುವವರೇ ಇಲ್ಲವಾದರು.

ಎಲ್ಲರಿಗಿಂತ ಹೆಚ್ಚು ನಂಬಿದವಳು ಅಕ್ಕ. ಅವಳು ಇವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಇವನಿಗೆ ಐದು ತುಂಬಿದಾಗ ತಾಯಿ ಹೋದಳು; ಅವತ್ತಿನಿಂದ ತಲೆ ಬಾಚಿದ್ದು, ತುತ್ತು ಕಲಸಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಎಲ್ಲ ಅಕ್ಕನೇ. ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ಗುಂಡಿಗಳಿಗೆ ತೂತು ಕೊರೆದಳು. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ದಡ ಹತ್ತಲಿ" ಎಂದು ಮುಂದೂಡಿದಳು. ಇವನು ದಡ ಹತ್ತುವ ಹೊತ್ತಿಗೆ ಆ ಮಾತು ತರುವವರೇ ಉಳಿದಿರಲಿಲ್ಲ. ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ತಂದುಕೊಟ್ಟವಳೂ ಅವಳೇ. ಈಗ ಅರವತ್ತೆಂಟು. ಮುಂದಿನ ಕೋಣೆಯ ಕಿಟಕಿ ಪಕ್ಕ ಮಂಚ, ಮಂಚದ ಕೆಳಗೆ ಬಗೆಬಗೆಯ ಗುಂಡಿ ತುಂಬಿದ ಮೂರು ಡಬ್ಬಿ. ಬೀದಿಯವರ ಅಂಗಿಗಳಿಗೆಲ್ಲ ಗುಂಡಿ ಹಾಕಿಕೊಡುವುದು ಅವಳ ಹೊತ್ತು ಹೋಗುವ ಕೆಲಸ.

ನಾಲ್ಕು ವರ್ಷದ ಹಿಂದೆ ಅಕ್ಕನ ಹೃದಯದ ರಕ್ತನಾಳವೊಂದು ಕಟ್ಟಿಕೊಂಡಿತ್ತು. ದೊಡ್ಡ ಡಾಕ್ಟರೇ ಅದರೊಳಗೆ ಸ್ಟೆಂಟು, ಅಂದರೆ ನಾಳ ಮುಚ್ಚಿಕೊಳ್ಳದ ಹಾಗೆ ತಡೆಯುವ ಬಲೆಯಂಥ ಒಂದು ಕೊಳವೆ, ಇಟ್ಟು ಕಳಿಸಿದ್ದರು. ಅದರ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ, ಮಧ್ಯಾಹ್ನ ಊಟವಾದ ಮೇಲೆ. ಅಕ್ಕನಿಗೆ ಆ ಮಾತ್ರೆ ಕಂಡರಾಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಉರಿ. ಮಂಚದ ಅಂಚು ಚೂರು ತಾಗಿದರೂ ತೋಳಿನ ಮೇಲೆ ಅಂಗೈಯಗಲ ನೀಲಿ ಕಲೆ. ತೋಳು ಚಾಚಿ ತಮ್ಮನಿಗೆ ತೋರಿಸುವಳು. "ನೋಡೋ, ಯಾರಾದ್ರೂ ನೋಡಿದ್ರೆ ನಿನ್ ಹೆಂಡ್ತಿ ಹೊಡೀತಾಳೆ ಅಂದ್ಕೋತಾರೆ." ಹೆಂಡತಿ ಒಳಗಿನಿಂದಲೇ, "ಹೊಡೆಯೋದಾದ್ರೆ ಯಾರಿಗೆ ಹೊಡೀಬೇಕು ಅಂತ ನನಗೆ ಗೊತ್ತು ಅತ್ತಿಗೆ" ಎನ್ನುವಳು.

ಹೀಗಿರುವಾಗ ಒಂದು ಗುರುವಾರ ಕನ್ನಡಕದ ಡಾಕ್ಟರಮ್ಮ ಎಂದು ಇವನು ಕರೆಯುತ್ತಿದ್ದ ಹುಡುಗಿ ಪರದೆಯ ಮುಂದೆ ನಿಂತು ಅದೇ ಬಿಳಿ ಮಾತ್ರೆಯ ಅಧ್ಯಯನ ತೆಗೆದಳು. ಪರದೆಯಣ್ಣನ ಕಿವಿ ನೆಟ್ಟಗಾಯಿತು. ಸಾವಿರಾರು ಜನ ಆರೋಗ್ಯವಂತ ಹಿರಿಯರಂತೆ. ಅರ್ಧ ಜನಕ್ಕೆ ಆ ಮಾತ್ರೆ, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಬರೀ ಹಿಟ್ಟಿನ ಮಾತ್ರೆ. ವರ್ಷಗಟ್ಟಲೆ ಕೊಟ್ಟು ನೋಡಿದರೆ ಹೃದಯದ ಎರಡು ಗೆರೆಗಳು ಅವಳಿಜವಳಿಯಂತೆ ಅಂಟಿಕೊಂಡೇ ಹೋಗಿವೆ. ಆಮೇಲೆ ಇನ್ನೊಂದು ಚಿತ್ರ ಬಂತು, ರಕ್ತಸ್ರಾವದ್ದು. ಅದರಲ್ಲಿ ಮಾತ್ರೆಯವರ ಗೆರೆ ಮೇಲೆ ಮೇಲೆ ಹತ್ತಿತ್ತು. ಪರದೆಯಣ್ಣ ಅಕ್ಕನ ತೋಳು ನೆನೆದ. ಆರೋಗ್ಯವಂತ ಹಿರಿಯರು ಎಂದರೆ ಇನ್ನಾರು? ಅಕ್ಕ ನಾಲ್ಕು ವರ್ಷದಿಂದ ಗಟ್ಟಿಮುಟ್ಟಾಗಿಯೇ ಇದ್ದಾಳೆ, ಮೆಟ್ಟಿಲು ಹತ್ತುತ್ತಾಳೆ, ನೀರಿನ ಕೊಡ ಎತ್ತುತ್ತಾಳೆ. ಅವನು ಎದ್ದು ಟೀ ತರಲು ಹೋದ.

ಮನೆಗೆ ಬಂದವನೇ ಕಾಲು ಕೂಡ ತೊಳೆಯದೆ ಮಾತ್ರೆಯ ಹಾಳೆಯನ್ನು ಎತ್ತಿಕೊಂಡ. "ಅಕ್ಕ, ನಾಳೆಯಿಂದ ಇದು ಬೇಡ. ಇದರಿಂದ ಲಾಭ ಸೊನ್ನೆ. ನಿನ್ನ ಕಲೆಗಳಿಗೆಲ್ಲ ಇದೇ ಕಾರಣ."

"ಹೌದೇನೋ!" ಅಕ್ಕನ ಮುಖ ಅರಳಿತು. "ನಾನು ಮೊದಲಿಂದ ಬಡ್ಕೊಂಡೆ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಅವರ ಡಾಕ್ಟರನ್ನ ಒಂದು ಮಾತು ಕೇಳಬಹುದಲ್ವೇನ್ರೀ?"

"ಕೇಳೋದೇನೇ? ಆ ಡಾಕ್ಟರ ಎದುರಿಗೇ ಹೇಳಿದ್ದು ಇದನ್ನ. ಅವರು ಹೌದು ಹೌದು ಅಂತ ತಲೆ ಆಡಿಸಿದ್ರು. ನಾನೇ ನೋಡಿದೀನಿ."

"ಎಲ್ಲಿಂದ ನೋಡಿದ್ರಿ?"

"ಹಿಂದಿನಿಂದ."

"ಸರಿ" ಎಂದು ಅವಳು ಮಾತ್ರೆಯ ಹಾಳೆಯನ್ನು ಅವನ ಕೈಯಿಂದ ಇಸಕೊಂಡು ಅಡುಗೆಮನೆಗೆ ಹೋದಳು. ಅಕ್ಕ, "ನೀನು ಸುಮ್ನಿರಮ್ಮ. ಡಾಕ್ಟರು ನನ್ನ ನೋಡೋದು ಮೂರು ತಿಂಗಳಿಗೊಂದ್ಸಲ, ಎರಡು ನಿಮಿಷ. ಇವನು ಹತ್ತೊಂಬತ್ತು ವರ್ಷದಿಂದ ಕೇಳ್ತಿದ್ದಾನೆ" ಎಂದು ಕೂಗಿ ಹೇಳಿದಳು. ಆ ಮಾತು ಕೇಳಿ ಪರದೆಯಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಕ್ಕ ಅವನಿಗೆ ಮಾಡಿದ್ದಕ್ಕೆಲ್ಲ ಇಷ್ಟು ವರ್ಷಕ್ಕೆ ತಾನೂ ಏನೋ ಒಂದು ಮಾಡಿದೆ ಅನ್ನಿಸಿತು.

ಎರಡು ವಾರಕ್ಕೆ ತೋಳಿನ ಕಲೆಗಳು ಮಾಸಿದವು. ಹೊಟ್ಟೆಯ ಉರಿ ಹೋಯಿತು. ಅಕ್ಕ ಬೀದಿಯಲ್ಲಿ ಬಂದು ಹೋದವರಿಗೆಲ್ಲ ತೋಳು ಚಾಚಿ ತೋರಿಸಿದಳು, "ನಮ್ಮ ಹುಡುಗ" ಎಂದು ಹೇಳಿಕೊಂಡಳು. ಹುಡುಗನಿಗೆ ಐವತ್ತಾರು ವರ್ಷ.

ಮೂರನೇ ಗುರುವಾರ ಕ್ಯಾಂಟೀನಿನ ಗ್ಯಾಸ್ ಪೈಪು ಒಡೆಯಿತು. ದುರಸ್ತಿಯಾಗುವವರೆಗೆ ಒಲೆ ಹಚ್ಚುವಂತಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಪರದೆಯಣ್ಣ ಬೆಳಿಗ್ಗೆಯಿಂದಲೇ ಮುಖ ಗಂಟು ಹಾಕಿಕೊಂಡಿದ್ದ. ದೊಡ್ಡ ಡಾಕ್ಟರ ಹತ್ತಿರ ಹೋಗಿ, ಸಾವಿನ ಸುದ್ದಿ ಹೇಳುವವನ ಹಾಗೆ, "ಇವತ್ತು ಟೀ ಇಲ್ಲ ಸಾರ್" ಎಂದ. ಅವರು "ಹೋಗಲಿ ಬಿಡಪ್ಪ" ಎಂದುಬಿಟ್ಟರು. ಅದು ಅವನಿಗೆ ಸ್ವಲ್ಪ ಬೇಜಾರನ್ನೇ ತಂದಿತು.

ಅಂದಿನ ವಿಷಯ ಬೆನ್ನುನೋವು. ಒಮ್ಮೆ ನೋವು ಬಂದು ವಾಸಿಯಾದವರು ದಿನಾ ನಡೆದರೆ ಅದು ಮರಳಿ ಬರುವುದು ತಡವಾಗುತ್ತದಂತೆ. ಎರಡು ಗೆರೆಯ ಚಿತ್ರ ಬಂತು. ಪರದೆಯಣ್ಣನ ಕಾಲು ತಾವಾಗಿಯೇ ಎದ್ದವು. ಟೀ ಇಲ್ಲವೆಂಬುದು ನೆನಪಾಗಿ ಮತ್ತೆ ಕೂತ. ಕನ್ನಡಕದ ಡಾಕ್ಟರಮ್ಮ ಅವತ್ತು ಕೇಳುಗರಲ್ಲಿ ಒಬ್ಬಳಾಗಿ ಕೊನೆಯ ಸಾಲಿನಲ್ಲಿ, ಅವನ ಪಕ್ಕಕ್ಕೇ ಕೂತಿದ್ದಳು.

ಚಿತ್ರ ಹೋಯಿತು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ "ಮಿತಿಗಳು" ಎಂದು ಬಂತು. ಯಾರೋ ಬೇರೆ ಸಭೆಯ ಹಾಳೆ ಇದರಲ್ಲಿ ಸೇರಿಸಿಬಿಟ್ಟಿದ್ದಾರೆ ಎಂದುಕೊಂಡು ಪರದೆಯಣ್ಣ ಕಂಪ್ಯೂಟರಿನ ಕಡೆ ಹೊರಟ. ಅಷ್ಟರಲ್ಲಿ ಮುಂದೆ ನಿಂತಿದ್ದ ಡಾಕ್ಟರು ಓದತೊಡಗಿದರು: ಈ ಅಧ್ಯಯನದಲ್ಲಿ ಈಗ ನೋವಿರುವವರು ಇರಲಿಲ್ಲ, ಇಂಥಿಂಥ ಕಾಯಿಲೆಯವರನ್ನು ಸೇರಿಸಿರಲಿಲ್ಲ, ಆದ್ದರಿಂದ ಇದನ್ನು ಅವರಿಗೆ ಅನ್ವಯಿಸುವ ಹಾಗಿಲ್ಲ. ಹೀಗೆ ಒಂದರ ಕೆಳಗೆ ಒಂದು. ಹಿರಿಯರು ಅದರ ಮೇಲೇ ಜಗ್ಗಾಡಿದರು. ದೊಡ್ಡ ಡಾಕ್ಟರಂತೂ, "ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ಸ್ಲೈಡು ಮರೀಬೇಡಿ" ಎಂದರು.

ಪರದೆಯಣ್ಣ ಡಾಕ್ಟರಮ್ಮನ ಕಡೆ ಬಾಗಿದ. "ಏನಮ್ಮಾ ಇದು, ಹೊಸದಾಗಿ ಶುರು ಮಾಡಿದ್ರಾ?"

"ಯಾವುದಣ್ಣ?"

"ಈ ಮಿತಿಗಳು ಅನ್ನೋದು."

"ಪ್ರತಿ ವಾರ ಇರುತ್ತಲ್ಲಣ್ಣ. ನೀವು ನಮಗಿಂತ ಮುಂಚಿನಿಂದ ಇಲ್ಲಿದ್ದೀರಿ."

ಪ್ರತಿ ವಾರ. ಅವನು ಸ್ಟೂಲಿನ ಮೇಲೆ ಕೂತು ಹಿಂದಕ್ಕೆ ಎಣಿಸುತ್ತ ಹೋದ. ಮೊದಲು ನೆನಪಾದದ್ದು ಮೊಟ್ಟೆ. ಆಮೇಲೆ ನಿಂತು ಉಂಡ ಐದು ವಾರ. ಆಮೇಲೆ ಅಂಗಡಿ ಜಗಲಿ, ಸ್ಕೂಟರು, ಈರುಳ್ಳಿ. ತನಗೇ ಒಂದಿಷ್ಟು ನಗು ಬಂತು. ಆ ನಗು ಇನ್ನೂ ಬಾಯಲ್ಲಿರುವಾಗಲೇ ಬಿಳಿ ಮಾತ್ರೆ ನೆನಪಾಯಿತು.

ದೀಪ ಹಾಕುವುದೂ ಅವನಿಗೆ ಮರೆತುಹೋಯಿತು. ಯಾರೋ ಡಾಕ್ಟರೇ ಎದ್ದು ಹಾಕಿದರು. ಸಭಾಂಗಣ ಖಾಲಿಯಾದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂತ. ಪ್ರತಿ ವಾರದ್ದನ್ನೂ ಅದರಲ್ಲಿ ತಾರೀಖು ಹಾಕಿ ಉಳಿಸಿಡುವುದು ಅವನದೇ ಕೆಲಸ. ಒಂದನ್ನೂ ಅವನು ತೆರೆದು ನೋಡಿರಲಿಲ್ಲ. ಮೂರು ವಾರದ ಹಿಂದಿನದನ್ನು ತೆರೆದ. ಹೆಸರು, ಎಷ್ಟು ಜನ, ಅಂಟಿಕೊಂಡ ಗೆರೆ, ಏರಿದ ಗೆರೆ. ಬೆರಳು ಅಲ್ಲಿ ತಾನಾಗಿ ನಿಂತಿತು. ಮುಂದಕ್ಕೆ ಒತ್ತಿದ. ಮಿತಿಗಳು, ಮೊದಲನೆಯದು: ಹಿಂದೆ ಹೃದಯದ ತೊಂದರೆ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಈ ಅಧ್ಯಯನದಲ್ಲಿ ಇಲ್ಲ. ಅವರಿಗೆ ಈ ಮಾತ್ರೆ ಅಗತ್ಯ. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಪರದೆಯಣ್ಣ ಹೊರಗೋಡಿದ. ಪ್ರೊಜೆಕ್ಟರು ಆರಿಸಲಿಲ್ಲ, ಬಾಗಿಲಿಗೆ ಬೀಗ ಹಾಕಲಿಲ್ಲ. ಲಿಫ್ಟಿಗೆ ಕಾಯಲಿಲ್ಲ. ಆ ದಿನ ಎಷ್ಟು ಹೆಜ್ಜೆ ಆಯಿತೋ ಅವನಿಗೆ ಗೊತ್ತಿಲ್ಲ, ಸೊಂಟದ ಯಂತ್ರ ಮೆಟ್ಟಿಲ ಮೇಲೆಲ್ಲೋ ಬಿದ್ದುಹೋಗಿತ್ತು.

ಅಕ್ಕ ಮಂಚದ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅವಳನ್ನು ಕಂಡು ಇವನಿಗೆ ಹೋದ ಜೀವ ಬಂದಂತಾಯಿತು. "ಅಕ್ಕ, ಮಾತ್ರೆ ತಗೋಬೇಕು. ನಂದು ತಪ್ಪಾಯ್ತು. ಈಗಲೇ ತಗೋಬೇಕು."

"ಬೇಡ ಅಂದಿದ್ಯಲ್ಲೋ."

"ಅಂದಿದ್ದೆ. ಪೂರ್ತಿ ಕೇಳಿರಲಿಲ್ಲ. ಎಲ್ಲಿ, ಮಾತ್ರೆ ಎಲ್ಲಿ, ಎಸೆದುಬಿಟ್ಳಾ?"

ಹೆಂಡತಿ ಆಗತಾನೇ ಅಂಗಡಿಯಿಂದ ಬಂದು ಚೀಲ ಇಳಿಸುತ್ತಿದ್ದಳು. ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿಯ ಹಿಂದಿನಿಂದ ಮಾತ್ರೆಯ ಹಾಳೆ ತಂದಳು. "ಮೊಟ್ಟೆ ಮೂರು ಸಲ ವಾಪಸ್ ಬಂತಲ್ಲ, ಇದೂ ಬರುತ್ತೆ ಅಂತ ಇಟ್ಟಿದ್ದೆ" ಎಂದಳು.

ಅಕ್ಕ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು. "ನೀನೇ ತಪ್ಪಾಯ್ತು ಅಂದ್ಯಲ್ಲ, ಹೇಳಿಬಿಡ್ತೀನಿ. ನಿನ್ನೆಯಿಂದ ಎದೆ ಮೇಲೆ ಯಾರೋ ಕೂತ ಹಾಗಿದೆ ಕಣೋ. ಬೆಳಿಗ್ಗೆಯಿಂದ ಎಡಗೈನೂ ಜಗ್ಗುತ್ತೆ."

"ನಿನ್ನೆಯಿಂದಾನಾ? ಹೇಳೋದಲ್ವೇನೇ ಅಕ್ಕ!"

"ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಅಷ್ಟು ಖುಷಿಯಾಗಿದ್ದೆ ನೀನು."

ಪರದೆಯಣ್ಣ ಅಲ್ಲೇ ಅತ್ತುಬಿಡುತ್ತಿದ್ದನೋ ಏನೋ, ಹೆಂಡತಿ ಬಿಡಲಿಲ್ಲ. "ಅಳೋದು ಆಮೇಲೆ, ಮೊದಲು ಗಾಡಿ ಕರೀರಿ" ಎಂದು ಗದರಿದಳು. ಅವಳೇ ಆಂಬುಲೆನ್ಸಿನವರಿಗೆ ಫೋನು ಹಚ್ಚಿದಳು. ಅವರು ಹೇಳಿದಂತೆ ಒಂದು ಮಾತ್ರೆಯನ್ನು ಅಕ್ಕನ ಬಾಯಿಗೆ ಹಾಕಿ ಅಗಿಸಿದಳು. ಅಕ್ಕ ಅಗಿಯುತ್ತ, "ಥೂ, ಕಹಿ" ಎಂದಳು.

ತುರ್ತು ವಿಭಾಗದಲ್ಲಿ ಎದೆಗೆ ತಂತಿ ಅಂಟಿಸಿ ಇಸಿಜಿ ಪಟ್ಟಿ ತೆಗೆದರು. ಸಣ್ಣ ಹೃದಯಾಘಾತ, ಹಳೆಯ ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟುತ್ತಿದೆ ಎಂದರು. ದೊಡ್ಡ ಡಾಕ್ಟರು ಇಳಿದು ಬಂದರು. ಪರದೆಯಣ್ಣನನ್ನು ನೋಡಿ, "ಓ, ನಿಮ್ಮಕ್ಕ ಅಲ್ವಾ" ಎಂದು ಪಟ್ಟಿ ನೋಡಿದರು, ಹಳೆಯ ಚೀಟಿ ನೋಡಿದರು, ಅಕ್ಕನ ಕಡೆ ತಿರುಗಿದರು.

"ಬಿಳಿ ಮಾತ್ರೆ ದಿನಾ ತಗೋತಿದ್ರಾ?"

"ಇಲ್ಲ. ಮೂರು ವಾರ ಆಯ್ತು."

"ಯಾರು ನಿಲ್ಲಿಸಿದ್ದು?"

ಅಕ್ಕ ತಮ್ಮನ ಕಡೆ ನೋಡಲೂ ಇಲ್ಲ. "ಯಾರೂ ಇಲ್ಲ. ನಾನೇ ಮರ್ತುಬಿಟ್ಟೆ."

"ಮೂರು ವಾರಾನೂ ಮರೆತ್ರಾ?"

"ವಯಸ್ಸಾಯ್ತಲ್ಲ ಸಾರ್."

ಅಕ್ಕ ಮರೆಯುವ ಹೆಂಗಸಲ್ಲ. ಮೂವತ್ತು ವರ್ಷದ ಹಿಂದೆ ಪಕ್ಕದ ಮನೆಯವಳು ಒಯ್ದು ವಾಪಸು ಕೊಡದ ಜರಡಿಯ ಅಂಚು ಯಾವ ಬಣ್ಣದ್ದೆಂದು ಕೇಳಿದರೆ ಈಗಲೂ ಹೇಳುವಳು. ಎದೆಗೆ ತಂತಿ ಸುತ್ತಿಕೊಂಡು ಮಲಗಿಯೂ ಅವಳು ತಮ್ಮನ ಕೆಲಸ ಉಳಿಸಲು ನೋಡುತ್ತಿದ್ದಳು. ಸಭಾಂಗಣದ ಕಾವಲಿನವನು ರೋಗಿಯ ಔಷಧಿ ನಿಲ್ಲಿಸಿದ ಎಂದು ತಿಳಿದರೆ ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ? ಪರದೆಯಣ್ಣನಿಗೂ ಅದು ಗೊತ್ತಿತ್ತು.

"ಸುಳ್ಳು ಸಾರ್" ಎಂದ. "ನಿಲ್ಲಿಸಿದ್ದು ನಾನು."

"ನೀನಾ? ಯಾರು ಹೇಳಿದ್ರು ನಿನಗೆ ನಿಲ್ಲಿಸು ಅಂತ?"

"ನಿಮ್ಮ ಗುರುವಾರದ ಸಭೇಲಿ ಕೇಳಿದೆ ಸಾರ್. ವಯಸ್ಸಾದವರಿಗೆ ಇದರಿಂದ ಉಪಯೋಗ ಇಲ್ಲ, ರಕ್ತ ಹೋಗುತ್ತೆ ಅಂತ."

ದೊಡ್ಡ ಡಾಕ್ಟರ ಮುಖ ಕೆಂಪಾಯಿತು. "ಅಯ್ಯೋ ಪುಣ್ಯಾತ್ಮ! ಅದು ಹೃದಯದ ಕಾಯಿಲೆ ಇಲ್ಲದವರಿಗಯ್ಯ! ಮಿತಿಗಳ ಸ್ಲೈಡಲ್ಲಿ ಮೊದಲನೇ ಸಾಲೇ ಅದು. ಹತ್ತು ನಿಮಿಷ ಅದರ ಮೇಲೇ ಮಾತಾಡಿದ್ವಿ. ನೀನು ಅಲ್ಲೇ ಇದ್ಯಲ್ಲ, ನೋಡಲಿಲ್ವಾ?"

"ಇಲ್ಲ ಸಾರ್. ನಿಮಗೆ ಟೀ ತರೋಕೆ ಹೋಗಿದ್ದೆ."

ದೊಡ್ಡ ಡಾಕ್ಟರು ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟರು.

"ಪ್ರತಿ ವಾರ ಆ ಹೊತ್ತಿಗೇ ಹೋಗ್ತಿದ್ಯಾ?"

"ಹತ್ತೊಂಬತ್ತು ವರ್ಷದಲ್ಲಿ ಒಂದು ವಾರಾನೂ ತಪ್ಪಿಸಿಲ್ಲ ಸಾರ್."

ಅವನು ಅದನ್ನು ಹೇಳುವಾಗ ಹೆಮ್ಮೆಯ ಹಳೆಯ ದನಿಯೇ ಬಂದುಬಿಟ್ಟಿತು, ರೂಢಿ. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. "ಆಮೇಲೆ ಮಾತಾಡೋಣ" ಎಂದು ಅಕ್ಕನ ಮಂಚವನ್ನು ತಾವೇ ಒಂದು ಕಡೆ ಹಿಡಿದು ಒಳಗೆ ನೂಕಿಸಿಕೊಂಡು ಹೋದರು. ನರ್ಸಮ್ಮ ಒಪ್ಪಿಗೆ ಪತ್ರ ತಂದು, ಇಲ್ಲಿ ಸಹಿ ಮಾಡಿ ಎಂದು ಕೆಳಗೆ ಬೆರಳಿಟ್ಟಳು. ಪರದೆಯಣ್ಣ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಪ್ರಾಣಾಪಾಯವಾಗಬಹುದು ಎಂಬುದು ಕೊನೆಯಿಂದ ಎರಡನೇ ಸಾಲಿನಲ್ಲಿತ್ತು. ಸಂಬಂಧ ಎಂದಿದ್ದ ಕಡೆ "ತಮ್ಮ" ಎಂದು ಬರೆದ.

ಅಕ್ಕ ಬದುಕಿದಳು. ನಾಳ ತೆರೆದುಕೊಂಡಿತು. ಹೃದಯದ ಸ್ವಲ್ಪ ಭಾಗಕ್ಕೆ ಪೆಟ್ಟಾಗಿದೆ, ಇನ್ನು ಮೇಲೆ ನೀರಿನ ಕೊಡ ಎತ್ತುವ ಹಾಗಿಲ್ಲ, ಮೆಟ್ಟಿಲು ನಿಧಾನ ಎಂದರು. ಐದು ದಿನಕ್ಕೆ ಮನೆಗೆ ಬಂದಳು. ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಈಗ ಒಮ್ಮೆ ಗೋಡೆ ಹಿಡಿದು ನಿಲ್ಲುತ್ತಾಳೆ. ಮೊದಲು ನಿಲ್ಲುತ್ತಿರಲಿಲ್ಲ. ಪರದೆಯಣ್ಣ ಅದನ್ನು ಪ್ರತಿ ಸಲ ನೋಡುತ್ತಾನೆ.

ಅವನ ಕೆಲಸ ಹೋಗಲಿಲ್ಲ. ದೊಡ್ಡ ಡಾಕ್ಟರು ಕರೆದು ಬೈದರು, ಚೆನ್ನಾಗಿಯೇ ಬೈದರು. ಬೈದು ಮುಗಿಸಿ, "ಟೀ ವಿಷಯ ನಾನು ಯೋಚನೆ ಮಾಡಿರಲಿಲ್ಲ" ಎಂದರು. ಅವನು ಒಂದು ತಿಂಗಳು ಊಟದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಹಳೆಯ ಸಭೆಗಳ ಮಿತಿಗಳನ್ನು ಒಂದೊಂದಾಗಿ ಓದಿದ. ಮೊಟ್ಟೆಯ ಆರೂ ಅಧ್ಯಯನಗಳ ಕೊನೆಯಲ್ಲಿ ಹೆಚ್ಚುಕಡಿಮೆ ಒಂದೇ ಮಾತಿತ್ತು: ಇದರಿಂದ ಖಚಿತವಾಗಿ ಏನೂ ಹೇಳಲಾಗದು. ಆಮೇಲೆ ಬೀದಿಯ ಮನೆಮನೆಗೂ ಹೋಗಿ, ತಾನು ಹೇಳಿದ್ದನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಂಡ. ಬಡಗಿ ಮಾತ್ರ ತೋಳಿನ ವಿಷಯ ವಾಪಸು ಕೊಡಲು ಒಪ್ಪಲಿಲ್ಲ. ಅದರ ಮಿತಿಗಳನ್ನೂ ಓದಿ ಬಂದು, "ಅದು ಇಟ್ಕೋ, ಆದ್ರೆ ನಿನ್ನ ಡಾಕ್ಟರನ್ನೂ ಕೇಳು" ಎಂದ. ಈಗ ಗುರುವಾರ ಸಂಜೆ ಯಾರಾದರೂ ಬಾಗಿಲು ತಟ್ಟಿದರೆ ಹೆಂಡತಿ, "ಡಾಕ್ಟರು ರಾಜೀನಾಮೆ ಕೊಟ್ಟರು" ಎನ್ನುತ್ತಾಳೆ.

ಸಭೆಯಲ್ಲಿ ಎರಡು ಗೆರೆಯ ಚಿತ್ರ ಬಂದಾಗ ಅವನು ಏಳುವುದಿಲ್ಲ. ಮೊದಲ ವಾರ ಯಾರೋ ಹಿಂದಿರುಗಿ, "ಅಣ್ಣ, ಟೀ?" ಎಂದರು. "ಮಿತಿ ಮುಗೀಲಿ" ಎಂದ ಪರದೆಯಣ್ಣ. ದೊಡ್ಡ ಡಾಕ್ಟರು ಮುಂದಿನ ಸಾಲಿನಿಂದ ತಿರುಗಿ ನೋಡಿದರು, ಮತ್ತೆ ಪರದೆಯ ಕಡೆ ತಿರುಗಿದರು. ಅಂದಿನಿಂದ ಎಂಬತ್ತು ಡಾಕ್ಟರುಗಳು ಟೀಗೆ ಹನ್ನೆರಡು ನಿಮಿಷ ಕಾಯುತ್ತಾರೆ, ಗೊಣಗುತ್ತಲೇ ಕಾಯುತ್ತಾರೆ.

ಒಂದು ವಿಷಯ ಮಾತ್ರ ಅವನ ಕೈ ಮೀರಿತ್ತು. ಮನೆಗೆ ಬಂದ ಮೊದಲ ಮಧ್ಯಾಹ್ನವೇ ಅಕ್ಕ ಬಿಳಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, "ತಗೊಳ್ಳಲಾ?" ಎಂದು ಅವನನ್ನು ಕೇಳಿದಳು.

"ನನ್ನ ಯಾಕೆ ಕೇಳ್ತೀಯ ಅಕ್ಕ? ಡಾಕ್ಟರು ಬರೆದುಕೊಟ್ಟಿದ್ದಾರಲ್ಲ."

"ಅವರು ಹೇಳಿದ್ರು. ನೀನು ಹೇಳು."

"ನನ್ನ ಮಾತು ಕೇಳಿ ಸಾಯೋಕೆ ಹೊರಟಿದ್ಯಲ್ಲೇ. ಇನ್ನೂ ನನ್ನೇ ಕೇಳ್ತೀಯಾ?"

"ಮತ್ತಿನ್ನಾರನ್ನ ಕೇಳ್ಲಿ?" ಎಂದಳು ಅಕ್ಕ. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವನು ಬೇಡಿಕೊಂಡ, ಬೈದ, ಹೆಂಡತಿಯ ಕೈಯಲ್ಲಿ ಹೇಳಿಸಿದ. ಜಪ್ಪಯ್ಯ ಎಂದರೂ ಅವಳು ಬದಲಾಗಲಿಲ್ಲ.

ಹಾಗಾಗಿ ಈಗ ದಿನಾ ಮಧ್ಯಾಹ್ನ ಒಂದೂಕಾಲಿಗೆ ಪರದೆಯಣ್ಣ ಸಭಾಂಗಣದಿಂದ ಮನೆಗೆ ಫೋನು ಮಾಡುತ್ತಾನೆ. ಗುರುವಾರವಾದರೆ ಬಿಳಿ ಪರದೆಯನ್ನು ಅರ್ಧಕ್ಕೆ ಬಿಟ್ಟು ಮಾಡುತ್ತಾನೆ. "ಊಟ ಆಯ್ತಾ?" ಎನ್ನುತ್ತಾನೆ. "ಆಯ್ತು" ಎನ್ನುತ್ತಾಳೆ. "ತಗೋ ಅಕ್ಕ" ಎನ್ನುತ್ತಾನೆ. ಅಷ್ಟಕ್ಕೆ ಫೋನು ಇಡುವುದಿಲ್ಲ. ಅವಳು ನೀರು ಗುಟುಕರಿಸಿ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ ಸದ್ದು ಕೇಳಿ, "ನುಂಗಿದೆ ಕಣೋ" ಎನ್ನುವವರೆಗೂ ಕಿವಿಗೆ ಹಿಡಿದುಕೊಂಡೇ ನಿಂತಿರುತ್ತಾನೆ.